ನೀರಿನಾಳದ ಮಾಪಕಕ್ಕೆ ಬ್ಯಾಟರಿ ಎಷ್ಟು ವರ್ಷ? ಲೆಕ್ಕ ತಪ್ಪುವುದು ಎಲ್ಲಿ?

ಶಿವಮೊಗ್ಗ: ತುಂಗಾ ನದಿ ತುಂಬಿತೇ ಇಲ್ಲವೇ ಎಂಬುದನ್ನು ತಿಳಿಯಲು ಶಿವಮೊಗ್ಗ ನಗರದ ಜನರಿಗೆ ಇಂದಿಗೂ ಯಾವ ಯಂತ್ರವೂ ಬೇಕಿಲ್ಲ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲಿನ ಮಂಟಪ ಮುಳುಗಿದರೆ ಹೊಳೆ ತುಂಬಿದಂತೆ. ಸುದ್ದಿ ಹರಡುತ್ತಿದ್ದಂತೆ ಸೇತುವೆಯ ಮೇಲೆ ಜನ ಸೇರುತ್ತಾರೆ, ಬಾಗಿನ ಅರ್ಪಣೆಯಾಗುತ್ತದೆ. ಈ ಮಾಪಕಕ್ಕೆ ಬ್ಯಾಟರಿ ಬೇಡ, ದುರಸ್ತಿ ಬೇಡ, ಟೆಂಡರ್ ಕರೆಯಬೇಕಾಗಿಲ್ಲ. ಆದರೆ ಅದು ಹೇಳುವುದು ಒಂದೇ ಮಾತು: ಮುಳುಗಿದೆ ಅಥವಾ ಮುಳುಗಿಲ್ಲ. ನಡುರಾತ್ರಿಯಲ್ಲಿ ನೀರು ಗಂಟೆಗೆ ಎಷ್ಟು ಏರುತ್ತಿತ್ತು, ಯಾವ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟಿತು, ಎಷ್ಟು ಹೊತ್ತು ಅಲ್ಲಿಯೇ ನಿಂತಿತು ಎಂಬ ಪ್ರಶ್ನೆಗಳಿಗೆ ಮಂಟಪದಲ್ಲಿ ಉತ್ತರವಿಲ್ಲ.

ನೆಲದಡಿಯ ನೀರಿಗಂತೂ ಅಂಥ ಮಂಟಪವೂ ಇಲ್ಲ. ವಿನೋಬನಗರದಂತಹ ಬಡಾವಣೆಯಲ್ಲಿ ಮನೆಯಂಗಳದ ಕೊಳವೆಬಾವಿಯ ನೀರು ಈ ವರ್ಷ ಎಷ್ಟು ಅಡಿ ಕೆಳಗಿಳಿದಿದೆ ಎಂಬುದು ಮನೆಯವರಿಗೆ ತಿಳಿಯುವುದು ಮೋಟಾರು ಗಾಳಿ ಎಳೆಯತೊಡಗಿದ ದಿನವೇ. ಈ ಕುರುಡನ್ನು ನೀಗಿಸಲೆಂದೇ ಬಾವಿಯೊಳಗೆ, ನದಿಯೊಳಗೆ, ಜಲಾಶಯದೊಳಗೆ ಮುಳುಗಿಸಿಟ್ಟು ತಾನಾಗಿಯೇ ಅಳೆದು ಬರೆದಿಟ್ಟುಕೊಳ್ಳುವ ಉಪಕರಣಗಳು ಬಂದಿವೆ. ಅಂತರ್ಜಲ ಇಲಾಖೆಗಳ ಭಾಷೆಯಲ್ಲಿ ಇದು ಡಿಜಿಟಲ್ ಜಲಮಟ್ಟ ಮಾಪಕ. ಎಂಜಿನಿಯರುಗಳ ಬಾಯಲ್ಲಿ ಡಿಡಬ್ಲ್ಯುಎಲ್‌ಆರ್ ಅಥವಾ ಸರಳವಾಗಿ ಡಾಟಾ ಲಾಗರ್.

ಈ ಉಪಕರಣದ ಬಗ್ಗೆ ಖರೀದಿಗೆ ಮುನ್ನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬ್ಯಾಟರಿ ಎಷ್ಟು ವರ್ಷ ಬರುತ್ತದೆ? ತಯಾರಕರ ಕೈಪಿಡಿಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಕೆಲವರು 5 ವರ್ಷ ಎನ್ನುತ್ತಾರೆ, ಕೆಲವರು 10 ವರ್ಷ. ಆದರೆ ಆ ಅಂಕಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಷರತ್ತುಗಳನ್ನು ಓದುವವರು ಕಡಿಮೆ.

ಕಳೆದುಹೋದ ಅಂಕಿ ಮರಳಿ ಬಾರದು

ಒಂದು ಬ್ಯಾಟರಿ ಸತ್ತರೆ ಆಗುವ ನಷ್ಟವಾದರೂ ಏನು ಎಂದು ಕೇಳಬಹುದು. ಗಡಿಯಾರದ ಸೆಲ್ ಮುಗಿದರೆ ಹೊಸದು ಹಾಕಿ ಸಮಯ ಸರಿಮಾಡಿಕೊಂಡಂತೆ ಇಲ್ಲಿಯೂ ಮಾಡಬಹುದಲ್ಲವೇ? ಮಾಡಬಹುದು. ಆದರೆ ನಿಂತಿದ್ದ ಅವಧಿಯ ಅಳತೆಯನ್ನು ಯಾರೂ ಮರಳಿ ತರಲಾರರು. ಇಂದಿನ ಬಹುಪಾಲು ಉಪಕರಣಗಳಲ್ಲಿ ಅದುವರೆಗೆ ಬರೆದಿಟ್ಟ ಮಾಹಿತಿ ಬ್ಯಾಟರಿ ಮುಗಿದರೂ ಅಳಿಯುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಅಳಿಯುವುದು ಮುಂದಿನ ದಿನಗಳು.

ಹಾಗೆ ತಪ್ಪಿಹೋಗುವ ದಿನಗಳು ಸಾಮಾನ್ಯ ದಿನಗಳಾಗಿದ್ದರೆ ಅಷ್ಟೇನೂ ನಷ್ಟವಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೆ ಬಂದ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. ಸೇತುವೆ ಎಷ್ಟು ಎತ್ತರ ಕಟ್ಟಬೇಕು, ಯಾವ ಬೀದಿಗೆ ಮೊದಲು ಎಚ್ಚರಿಕೆ ನೀಡಬೇಕು, ಅಡಿಕೆ ತೋಟಕ್ಕೆ ಇನ್ನೊಂದು ಕೊಳವೆಬಾವಿ ಕೊರೆಸುವುದು ಜಾಣತನವೇ ಅಲ್ಲವೇ ಎಂಬ ತೀರ್ಮಾನಗಳು ನಿಂತಿರುವುದು ಇಂಥ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಮೇಲೆ. ಐದು ವರ್ಷ ಸುಮ್ಮನೆ ಅಳೆದು ನೆರೆಯ ವಾರದಲ್ಲಿ ಕಣ್ಣು ಮುಚ್ಚಿದ ಮಾಪಕದಿಂದ ಏನು ಪ್ರಯೋಜನ? ದುರದೃಷ್ಟವೆಂದರೆ, ಮುಂದೆ ವಿವರಿಸುವಂತೆ, ಬ್ಯಾಟರಿ ಕೈಕೊಡುವ ಸಾಧ್ಯತೆ ಹೆಚ್ಚಿರುವುದೂ ಅದೇ ವಾರದಲ್ಲಿ.

ಹಳೆಯ ಪದ್ಧತಿಯಲ್ಲಿ ಈ ಚಿಂತೆ ಇರಲಿಲ್ಲ. ನದಿಯ ದಡದಲ್ಲಿ ಅಂಕಿ ಬರೆದ ಅಳತೆಗಂಬ ನೆಟ್ಟು, ನಿಗದಿತ ಹೊತ್ತಿಗೆ ಒಬ್ಬರು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು ರೂಢಿ. ತುಂಗೆಗೆ ಶಿವಮೊಗ್ಗದಲ್ಲಿ, ತುಂಗಭದ್ರೆಗೆ ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ. ಅಂತರ್ಜಲದ ವಿಷಯದಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿಯ ಸಿಬ್ಬಂದಿ ವೀಕ್ಷಣಾ ಬಾವಿಗಳಿಗೆ ಹೋಗಿ ವರ್ಷಕ್ಕೆ ನಾಲ್ಕು ಬಾರಿ, ಅಂದರೆ ಜನವರಿ, ಮುಂಗಾರು ಪೂರ್ವದ ಬೇಸಿಗೆ, ಆಗಸ್ಟ್ ಮತ್ತು ನವೆಂಬರ್‌ನಲ್ಲಿ ಟೇಪು ಇಳಿಬಿಟ್ಟು ಅಳೆಯುವುದು ವಾಡಿಕೆ. ಎರಡು ಅಳತೆಗಳ ನಡುವಿನ ಎರಡು ಮೂರು ತಿಂಗಳಲ್ಲಿ ಬಾವಿಯೊಳಗೆ ನಡೆದದ್ದೆಲ್ಲ ಊಹೆಯೇ.

ವಿಶ್ವಬ್ಯಾಂಕ್ ನೆರವಿನಿಂದ 1995ರಲ್ಲಿ ಆರಂಭವಾದ ಹೈಡ್ರಾಲಜಿ ಯೋಜನೆಯಡಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಬಾವಿಗಳಿಗೆ ಡಿಜಿಟಲ್ ಮಾಪಕಗಳು ಇಳಿದವು. 2016ರಲ್ಲಿ ಸುಮಾರು 3,680 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಹೈಡ್ರಾಲಜಿ ಯೋಜನೆಗೆ ಅನುಮೋದನೆ ದೊರೆತ ನಂತರ ತಾನಾಗಿಯೇ ಮಾಹಿತಿ ರವಾನಿಸುವ ಉಪಕರಣಗಳಿಗೆ ಒತ್ತು ಬಂತು. 2019ರ ಡಿಸೆಂಬರ್ 25ರಂದು ಚಾಲನೆಗೊಂಡ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕದ 14 ಜಿಲ್ಲೆಗಳು ಸೇರಿದವು. ನೆರೆಯ ಚಿಕ್ಕಮಗಳೂರು, ದಾವಣಗೆರೆಗಳು ಆ ಪಟ್ಟಿಯಲ್ಲಿದ್ದವು, ಶಿವಮೊಗ್ಗ ಇರಲಿಲ್ಲ. ಮಾಪಕಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ಬ್ಯಾಟರಿಯ ಲೆಕ್ಕವೂ ಸಣ್ಣ ವಿಷಯವಾಗಿ ಉಳಿಯಲಿಲ್ಲ.

ಹಂಡೆ, ಚೊಂಬು ಮತ್ತು ತೊಟ್ಟಿಕ್ಕುವ ನಲ್ಲಿ

ಉಪಕರಣದ ರಚನೆ ಸರಳ. ತುಕ್ಕು ಹಿಡಿಯದ ಉಕ್ಕಿನ, ಕೈಗೆ ಹಿಡಿಯುವಷ್ಟು ಗಾತ್ರದ ಕೊಳವೆ. ಅದರ ಕೆಳತುದಿಯಲ್ಲಿ ನೀರಿನ ಒತ್ತಡ ಅಳೆಯುವ ಸಂವೇದಕ. ಮೇಲಿರುವ ನೀರಿನ ಕಂಬ ಎತ್ತರವಾದಷ್ಟೂ ಒತ್ತಡ ಹೆಚ್ಚು. ಸುಮಾರು 10 ಮೀಟರ್ ನೀರು ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದಷ್ಟೇ ಒತ್ತುತ್ತದೆ. ಒತ್ತಡದಿಂದ ನೀರಿನ ಮಟ್ಟ ತಿಳಿಯುತ್ತದೆ. ಒಳಗೊಂದು ಗಡಿಯಾರ, ನೆನಪಿನ ಚಿಪ್ಪು ಮತ್ತು ಬ್ಯಾಟರಿ. ಗಡಿಯಾರ ನಿಗದಿತ ಹೊತ್ತಿಗೆ ಉಪಕರಣವನ್ನು ಎಬ್ಬಿಸುತ್ತದೆ, ಅದು ಒಂದೆರಡು ಸೆಕೆಂಡಿನಲ್ಲಿ ಅಳೆದು, ಬರೆದು, ಮತ್ತೆ ಮಲಗುತ್ತದೆ.

ಬ್ಯಾಟರಿಯನ್ನು ಬಚ್ಚಲಮನೆಯ ಹಂಡೆಗೆ ಹೋಲಿಸಬಹುದು. ಹಂಡೆಯಲ್ಲಿ ಎಷ್ಟು ಚೊಂಬು ನೀರಿದೆ ಎಂಬುದು ಅದರ ಸಾಮರ್ಥ್ಯ. ಬ್ಯಾಟರಿಯಲ್ಲಿ ಇದನ್ನು ಮಿಲಿ ಆಂಪಿಯರ್ ಗಂಟೆಗಳಲ್ಲಿ ಹೇಳುತ್ತಾರೆ. 2,400 ಮಿಲಿ ಆಂಪಿಯರ್ ಗಂಟೆಯ ಸೆಲ್ ಎಂದರೆ ಒಂದು ಮಿಲಿ ಆಂಪಿಯರ್ ವಿದ್ಯುತ್ತನ್ನು 2,400 ಗಂಟೆ ಕಾಲ ಕೊಡಬಲ್ಲದು ಎಂದರ್ಥ. ಪ್ರತಿ ಅಳತೆಯೂ ಹಂಡೆಯಿಂದ ತೆಗೆದ ಒಂದು ಚೊಂಬು. ಮಲಗಿದ್ದಾಗಲೂ ಗಡಿಯಾರ ನಡೆಯಬೇಕಲ್ಲವೇ? ಅದು ಸರಿಯಾಗಿ ಮುಚ್ಚದ ನಲ್ಲಿಯಿಂದ ತೊಟ್ಟಿಕ್ಕುವ ಹನಿ.

ವಿನೋಬನಗರದ ಒಂದು ಬಳಕೆಯಲ್ಲಿಲ್ಲದ ಕೊಳವೆಬಾವಿಗೆ ಇಂಥದೊಂದು ಮಾಪಕ ಇಳಿಸಲಾಗಿದೆ ಎಂದು ಭಾವಿಸಿಕೊಂಡು ಲೆಕ್ಕ ಹಾಕಿ ನೋಡಬಹುದು. ಇಲ್ಲಿಯ ಅಂಕಿಗಳು ಯಾವುದೇ ಒಂದು ಕಂಪನಿಯ ಉಪಕರಣದವಲ್ಲ, ಆದರೆ ಇಂಥ ಉಪಕರಣಗಳಲ್ಲಿ ಕಂಡುಬರುವಂಥವೇ. ಒಳಗಿರುವುದು ಪೆನ್ ಟಾರ್ಚಿನ ಸೆಲ್‌ನಷ್ಟೇ ಗಾತ್ರದ, 2,400 ಮಿಲಿ ಆಂಪಿಯರ್ ಗಂಟೆಯ ಲೀಥಿಯಂ ಸೆಲ್. ಮಲಗಿದ್ದಾಗ ಉಪಕರಣ ಎಳೆಯುವುದು 20 ಮೈಕ್ರೋ ಆಂಪಿಯರ್, ಅಂದರೆ ಒಂದು ಮಿಲಿ ಆಂಪಿಯರಿನ ಐವತ್ತನೇ ಒಂದು ಭಾಗ. ಎದ್ದು ಅಳೆಯುವಾಗ 5 ಮಿಲಿ ಆಂಪಿಯರ್, ಅದೂ 2 ಸೆಕೆಂಡು ಮಾತ್ರ. ಗಂಟೆಗೊಂದು ಅಳತೆ, ದಿನಕ್ಕೆ 24.

ದಿನವಿಡೀ ಮಲಗಿರುವ ಖರ್ಚು 0.48 ಮಿಲಿ ಆಂಪಿಯರ್ ಗಂಟೆ. ಇಪ್ಪತ್ನಾಲ್ಕು ಅಳತೆಗಳ ಒಟ್ಟು ಖರ್ಚು ಸುಮಾರು 0.067. ಎರಡನ್ನೂ ಕೂಡಿಸಿದರೆ ದಿನಕ್ಕೆ 0.547. ಹಂಡೆಯ 2,400ನ್ನು ಇದರಿಂದ ಭಾಗಿಸಿದರೆ ಸುಮಾರು 4,390 ದಿನ, ಅಂದರೆ 12 ವರ್ಷ!

ಇಲ್ಲಿ ಗಮನಿಸಬೇಕಾದದ್ದು 12 ವರ್ಷ ಎಂಬ ಉತ್ತರವನ್ನಲ್ಲ, ಖರ್ಚಿನ ಹಂಚಿಕೆಯನ್ನು. ಉಪಕರಣ ಯಾವ ಕೆಲಸಕ್ಕಾಗಿ ಇದೆಯೋ ಆ ಅಳತೆಗೆ ಹೋಗುವುದು ಶೇ 12ರಷ್ಟು ಮಾತ್ರ. ಉಳಿದ ಶೇ 88 ಮಲಗಿದ್ದಕ್ಕೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಈ ಯಂತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಬ್ಯಾಟರಿ ಉಳಿಸಬೇಕೆಂದು ಮೊದಲು ಮಾಡುವ ಉಪಾಯವೆಂದರೆ ಅಳತೆಗಳನ್ನು ಕಡಿಮೆ ಮಾಡುವುದು. ಗಂಟೆಗೊಮ್ಮೆ ಇದ್ದದ್ದನ್ನು ಆರು ಗಂಟೆಗೊಮ್ಮೆ ಮಾಡಿದರೆ ಖರ್ಚು ಆರನೇ ಒಂದು ಭಾಗಕ್ಕೆ ಇಳಿಯುತ್ತದೆಂದು ತೋರುತ್ತದೆ. ಲೆಕ್ಕ ಹಾಕಿದರೆ 12 ವರ್ಷ ಇದ್ದದ್ದು 13.4 ವರ್ಷ ಆಗುತ್ತದೆ ಅಷ್ಟೇ. ಮಾಹಿತಿಯಲ್ಲಿ ಆರರಲ್ಲಿ ಐದು ಪಾಲು ಕಳೆದುಕೊಂಡು, ಗಳಿಸಿದ್ದು ವರ್ಷ ನಾಲ್ಕು ತಿಂಗಳು. ಅದೇ ಉಪಕರಣವನ್ನು ನಿಮಿಷಕ್ಕೊಮ್ಮೆ ಅಳೆಯಲು ಹಚ್ಚಿದರೆ ಮಾತ್ರ ಚಿತ್ರ ಬದಲಾಗುತ್ತದೆ: ಅಳತೆಯ ಖರ್ಚು ದಿನಕ್ಕೆ 4 ಮಿಲಿ ಆಂಪಿಯರ್ ಗಂಟೆಗೆ ಏರಿ, ಆಯಸ್ಸು ಒಂದೂವರೆ ವರ್ಷಕ್ಕೆ ಕುಸಿಯುತ್ತದೆ.

ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಬಾವಿಯೇ ಹೊರತು ಬ್ಯಾಟರಿಯಲ್ಲ. ಶಿವಮೊಗ್ಗದ್ದು ಗಟ್ಟಿ ಶಿಲೆಯ ನೆಲ. ನೀರು ಮರಳಿನಲ್ಲಿ ಹರಡಿದಂತೆ ಇಲ್ಲಿ ಹರಡಿರುವುದಿಲ್ಲ, ಬಂಡೆಯ ಬಿರುಕುಗಳಲ್ಲಿ ನಿಂತಿರುತ್ತದೆ. ಪಕ್ಕದ ಮನೆಯವರು ಬೆಳಿಗ್ಗೆ ಮೋಟಾರು ಹಾಕಿದರೆ, ಎರಡು ಬಾವಿಗಳು ಒಂದೇ ಬಿರುಕಿನ ಮೇಲಿದ್ದರೆ, ಈ ಬಾವಿಯ ನೀರು ಕೆಲವೇ ನಿಮಿಷಗಳಲ್ಲಿ ಇಳಿದು ಮಧ್ಯಾಹ್ನದ ಹೊತ್ತಿಗೆ ಮತ್ತೆ ಏರಿರಬಹುದು. ಆರು ಗಂಟೆಗೊಮ್ಮೆ ಅಳೆಯುವ ಮಾಪಕಕ್ಕೆ ಈ ಏರಿಳಿತ ಕಾಣುವುದೇ ಇಲ್ಲ. ಪೇಟೆಯಿಂದ ದೂರದ, ಯಾರೂ ನೀರೆತ್ತದ ಬಾವಿಗೆ ದಿನಕ್ಕೆ ನಾಲ್ಕು ಅಳತೆ ಧಾರಾಳ.

ಕಾಗದದ ಮೇಲಿನ ಹನ್ನೆರಡು ವರ್ಷ

ಮೇಲಿನ 12 ವರ್ಷ ಕಾಗದದ ಮೇಲಿನದು. ಬಾವಿಗೆ ಇಳಿದೊಡನೆ ಅದು ಕರಗತೊಡಗುತ್ತದೆ.

ಮೊದಲನೆಯದಾಗಿ, ಯಾರೂ ಬಳಸದಿದ್ದರೂ ಬ್ಯಾಟರಿ ಒಳಗೊಳಗೇ ಸವೆಯುತ್ತದೆ. ನೀರೊಳಗಿನ ಮಾಪಕಗಳಲ್ಲಿ ಹೆಚ್ಚಾಗಿ ಬಳಸುವ ಲೀಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಸಾಮಾನ್ಯ ಉಷ್ಣತೆಯಲ್ಲಿ ವರ್ಷಕ್ಕೆ ಶೇ 1ರಷ್ಟು ಸವೆಯುತ್ತದೆ. ಇದು ಬಹಳ ಕಡಿಮೆ ಎಂದೇ ಹೆಸರಾದದ್ದು. ಮಾಮೂಲಿ ಅಲ್ಕಲೈನ್ ಸೆಲ್ ಇದರ ಎರಡು ಮೂರು ಪಟ್ಟು ಸವೆಯುತ್ತದೆ. ಆದರೂ ಲೆಕ್ಕ ಹಾಕಿ ನೋಡಿದರೆ, 2,400ರಲ್ಲಿ ಶೇ 1 ಎಂದರೆ ವರ್ಷಕ್ಕೆ 24, ದಿನಕ್ಕೆ 0.066. ಇಪ್ಪತ್ನಾಲ್ಕು ಬಾರಿ ಅಳೆಯುವ ಖರ್ಚೂ ಹೆಚ್ಚು ಕಡಿಮೆ ಅಷ್ಟೇ ಇತ್ತು! ಇದನ್ನು ಸೇರಿಸಿದರೆ 12 ವರ್ಷ 10.7ಕ್ಕೆ ಇಳಿಯುತ್ತದೆ.

ಎರಡನೆಯದು, ಹಂಡೆಯ ತಳದ ನೀರು. ಚೊಂಬಿಗೆ ಸಿಗದ ನೀರು ತಳದಲ್ಲಿ ಉಳಿಯುವಂತೆ ಬ್ಯಾಟರಿಯಲ್ಲೂ ಕೊನೆಯ ಪಾಲು ಬಳಕೆಗೆ ಸಿಗದು. ಲೇಬಲ್ಲಿನ ಮೇಲಿನ ಸಾಮರ್ಥ್ಯ ಪ್ರಯೋಗಾಲಯದಲ್ಲಿ, ಅತಿ ನಿಧಾನವಾಗಿ, ಹಿತವಾದ ಉಷ್ಣತೆಯಲ್ಲಿ ಅಳೆದದ್ದು. ಅದರಲ್ಲಿ ಶೇ 80ನ್ನು ಮಾತ್ರ ನಂಬುವುದು ವಿವೇಕ. ಆಗ ಆಯಸ್ಸು 8.6 ವರ್ಷ.

ಉಷ್ಣತೆಯ ವಿಷಯದಲ್ಲಿ ಮಲೆನಾಡಿನ ಬಾವಿ ಅದೃಷ್ಟಶಾಲಿ. ನೆಲದಡಿಯ ನೀರು ವರ್ಷವಿಡೀ ಊರಿನ ಸರಾಸರಿ ಉಷ್ಣತೆಗೆ ಹತ್ತಿರವಾಗಿಯೇ ಇರುತ್ತದೆ. ಶಿವಮೊಗ್ಗದಲ್ಲಿ ಅದು 25 ಡಿಗ್ರಿಯ ಆಸುಪಾಸು. ಬ್ಯಾಟರಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಬಾವಿಯ ಬಾಯಲ್ಲಿ, ಏಪ್ರಿಲ್ ಬಿಸಿಲಿಗೆ ಕಾಯುವ ಕಬ್ಬಿಣದ ಪೆಟ್ಟಿಗೆಯಲ್ಲಿ ಬ್ಯಾಟರಿ ಇಟ್ಟರೆ ಸವೆತ ಬೇಗ. ಆಳ ಸಮುದ್ರದ ಉಪಕರಣಗಳಿಗೆ ಇದರ ವಿರುದ್ಧದ ಕಷ್ಟ: 2,000 ಮೀಟರ್ ಆಳದಲ್ಲಿ ನೀರು ಎರಡರಿಂದ ನಾಲ್ಕು ಡಿಗ್ರಿಯಷ್ಟು ತಣ್ಣಗಿರುತ್ತದೆ, ಅಲ್ಲಿ ಅಲ್ಕಲೈನ್ ಸೆಲ್ ತನ್ನ ಶಕ್ತಿಯ ಒಂದು ಪಾಲನ್ನು ಬಿಟ್ಟುಕೊಡುವುದೇ ಇಲ್ಲ.

ಮೂರನೆಯದು ಲೆಕ್ಕದ ಹಾಳೆಯಲ್ಲಿ ಎಲ್ಲಿಯೂ ಬಾರದ ಶತ್ರು: ತೇವ. ಉಪಕರಣದ ಮುಚ್ಚಳಕ್ಕೆ ರಬ್ಬರಿನ ಓ-ರಿಂಗ್ ಇರುತ್ತದೆ. ಅದರ ಕೆಳಗೆ ಒಂದು ಮರಳಿನ ಕಣ ಅಥವಾ ಕೂದಲೆಳೆ ಸಿಕ್ಕಿಕೊಂಡರೂ ನೀರು ದಾರಿ ಮಾಡಿಕೊಳ್ಳುತ್ತದೆ. ನೀರು ನುಗ್ಗದಿದ್ದರೂ, ಜುಲೈ ತಿಂಗಳ ಮಳೆಯಲ್ಲಿ ಮುಚ್ಚಳ ತೆರೆದು ಸೆಲ್ ಬದಲಿಸಿದರೆ ಒದ್ದೆ ಗಾಳಿ ಒಳಗೆ ಸೇರಿಕೊಳ್ಳುತ್ತದೆ; ತಣ್ಣನೆಯ ನೀರಿಗೆ ಇಳಿದಾಗ ಅದೇ ಹನಿಗಟ್ಟುತ್ತದೆ. ಸರ್ಕ್ಯೂಟಿನ ಮೇಲಿನ ಈ ತೆಳುವಾದ ತೇವದ ಮೂಲಕ ವಿದ್ಯುತ್ ಸೋರತೊಡಗಿ, 20 ಮೈಕ್ರೋ ಆಂಪಿಯರ್ ಇದ್ದ ಮಲಗುವ ಖರ್ಚು 200ಕ್ಕೆ ಏರಿತೆನ್ನೋಣ. ಮಾಪಕ ಸರಿಯಾಗಿಯೇ ಅಳೆಯುತ್ತಿರುತ್ತದೆ, ಯಾವ ದೋಷವೂ ಕಾಣದು. ಆದರೆ ಎಂಟೂವರೆ ವರ್ಷ ಬರಬೇಕಾದ ಬ್ಯಾಟರಿ 13 ತಿಂಗಳಿಗೆ ಮುಗಿದಿರುತ್ತದೆ. ಸಂವೇದಕ ಕೆಟ್ಟಿತೆಂದು, ಬ್ಯಾಟರಿ ನಕಲಿಯೆಂದು ದೂರುವ ಪ್ರಕರಣಗಳಲ್ಲಿ ಎಷ್ಟು ಈ ಬೆವರಿನ ಕೆಲಸವೋ!

ಆದ್ದರಿಂದಲೇ ಅನುಭವಿಗಳು ಕೈಪಿಡಿಯ ಅಂಕಿಯನ್ನು ನಂಬದೆ, ಉಪಕರಣವನ್ನು ಮುಚ್ಚಿದ ನಂತರ ಮಲಗುವ ಖರ್ಚನ್ನು ಮೀಟರ್ ಹಚ್ಚಿ ತಾವೇ ಅಳೆಯುತ್ತಾರೆ. ಬೇರೆಲ್ಲ ಅಂಕಿಗಳಿಗಿಂತ ಮುಖ್ಯವಾದ ಅಂಕಿ ಇದೊಂದೇ.

ನೆನಪಿನ ಚಿಪ್ಪಿನ ಮಿತಿಯನ್ನೂ ಮರೆಯುವಂತಿಲ್ಲ. 40,000 ಅಳತೆ ಹಿಡಿಯುವ ಚಿಪ್ಪು ಗಂಟೆಗೊಂದರಂತೆ ನಾಲ್ಕೂವರೆ ವರ್ಷ ಸಾಕು, ನಿಮಿಷಕ್ಕೊಂದರಂತೆ 28 ದಿನವೂ ಇಲ್ಲ. ಬ್ಯಾಟರಿ ಗಟ್ಟಿಯಾಗಿದ್ದು ಬರೆಯಲು ಜಾಗವಿಲ್ಲದ ಮಾಪಕವೂ ಸತ್ತ ಮಾಪಕವೇ.

ಸಿಗ್ನಲ್ ಹುಡುಕುವ ಖರ್ಚು

ಇಷ್ಟೂ ಹೊತ್ತು ಹೇಳಿದ್ದು ಬಾಯಿಲ್ಲದ ಉಪಕರಣದ ಕಥೆ. ಅಳೆದದ್ದನ್ನು ತನ್ನಲ್ಲೇ ಇಟ್ಟುಕೊಂಡು, ಯಾರಾದರೂ ಬಂದು ಮೇಲೆತ್ತಿ ಕಂಪ್ಯೂಟರಿಗೆ ಜೋಡಿಸುವವರೆಗೆ ಸುಮ್ಮನಿರುವ ಮಾಪಕಕ್ಕೆ ಸಣ್ಣ ಸೆಲ್ ಸಾಕು. ಆದರೆ ಇಂದು ಬೇಕಿರುವುದು ಮಾಹಿತಿಯನ್ನು ದಿನದಿನವೂ ಕಚೇರಿಗೆ ಕಳುಹಿಸುವ ಮಾಪಕ. ನೀರಿನೊಳಗಿನಿಂದ ರೇಡಿಯೊ ತರಂಗ ಹೊರಬಾರದ ಕಾರಣ ಮಾಪಕದಿಂದ ತಂತಿಯೊಂದನ್ನು ಮೇಲೆ ತಂದು ಬಾವಿಯ ಬಾಯಲ್ಲಿ ಮೊಬೈಲ್ ಮೋಡೆಮ್ ಇಡಲಾಗುತ್ತದೆ. ಲೆಕ್ಕ ತಲೆಕೆಳಗಾಗುವುದು ಇಲ್ಲಿ.

ಮೋಡೆಮ್ ದಿನಕ್ಕೊಮ್ಮೆ ಎದ್ದು, ಜಾಲ ಹುಡುಕಿ, ಮಾಹಿತಿ ಕಳುಹಿಸಿ ಮಲಗಲು ಒಂದು ನಿಮಿಷ, ಸರಾಸರಿ 200 ಮಿಲಿ ಆಂಪಿಯರ್ ಬೇಕೆಂದುಕೊಂಡರೆ ಖರ್ಚು 3.33 ಮಿಲಿ ಆಂಪಿಯರ್ ಗಂಟೆ. ಇಪ್ಪತ್ನಾಲ್ಕು ಗಂಟೆ ಮಲಗಿ, ಇಪ್ಪತ್ನಾಲ್ಕು ಬಾರಿ ಅಳೆದರೂ ಅರ್ಧದಷ್ಟು ಮಾತ್ರ ತಿನ್ನುತ್ತಿದ್ದ ಯಂತ್ರ, ಒಂದು ನಿಮಿಷ ಮಾತನಾಡಿದ್ದಕ್ಕೆ ಅದರ ಆರು ಪಟ್ಟು ತಿನ್ನುತ್ತದೆ. ಇದಕ್ಕೆ ಪೆನ್ ಟಾರ್ಚಿನ ಸೆಲ್ ಸಾಲದು. ದೊಡ್ಡ ಟಾರ್ಚಿನ ಗಾತ್ರದ 19,000 ಮಿಲಿ ಆಂಪಿಯರ್ ಗಂಟೆಯ ಸೆಲ್ ಹಾಕಿ, ಸವೆತ ಮತ್ತು ಶೇ 80ರ ನಿಯಮ ಅನ್ವಯಿಸಿದರೆ ಒಂಬತ್ತೂವರೆ ವರ್ಷದ ಉತ್ತರ ಬರುತ್ತದೆ.

ಆದರೆ ಆ ಒಂದು ನಿಮಿಷ ಟವರ್ ಹತ್ತಿರವಿರುವ ನಗರದ ನಿಮಿಷ. ತೀರ್ಥಹಳ್ಳಿ, ಹೊಸನಗರದ ಕಣಿವೆಗಳಲ್ಲಿ ಫೋನು ಹಿಡಿದು ಗುಡ್ಡ ಹತ್ತಿದವರಿಗೆ ಸಿಗ್ನಲ್ ಹುಡುಕುವ ಕಷ್ಟ ಗೊತ್ತು. ಮೋಡೆಮ್ ಕೂಡ ಹುಡುಕುತ್ತದೆ, ಸಿಗುವವರೆಗೂ ತಿನ್ನುತ್ತದೆ. ದಿನಕ್ಕೆ ಮೂರು ನಿಮಿಷ ಎಚ್ಚರವಿರಬೇಕಾಗಿ ಬಂದರೆ ಅದೇ ದೊಡ್ಡ ಸೆಲ್ ಮೂರು ವರ್ಷ ಒಂಬತ್ತು ತಿಂಗಳಿಗೆ ಮುಗಿಯುತ್ತದೆ. ಒಂದೇ ಟೆಂಡರಿನಲ್ಲಿ ಬಂದ, ಒಂದೇ ದಿನ ಇಳಿಸಿದ ಎರಡು ಮಾಪಕಗಳಲ್ಲಿ ವಿನೋಬನಗರದ್ದು ಇನ್ನೂ ನಡೆಯುತ್ತಿರುವಾಗ ಕಣಿವೆಯದು ನಿಂತಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನೆರೆಯ ವಾರದ ಪ್ರಶ್ನೆ ಬರುವುದೂ ಇಲ್ಲೇ. ನದಿಯ ಮಾಪಕವನ್ನು ನೀರು ಏರತೊಡಗಿದೊಡನೆ ಬೇಗ ಬೇಗ ಅಳೆಯುವಂತೆ, ಗಂಟೆಗೊಮ್ಮೆ ವರದಿ ಕಳುಹಿಸುವಂತೆ ಸಜ್ಜುಗೊಳಿಸಿರುತ್ತಾರೆ. ಸಾಗರದಾಳದಲ್ಲಿರುವ ಸುನಾಮಿ ಮಾಪಕಗಳದ್ದೂ ಇದೇ ತಂತ್ರ; ಸಾಮಾನ್ಯ ದಿನಗಳಲ್ಲಿ ವಿರಳವಾಗಿ, ಅಲೆ ಕಂಡೊಡನೆ ಸೆಕೆಂಡುಗಳ ಅಂತರದಲ್ಲಿ. ಮೇಲಿನ ಉಪಕರಣವೇ ಐದು ನಿಮಿಷಕ್ಕೊಮ್ಮೆ ಅಳೆದು ದಿನಕ್ಕೆ 24 ಬಾರಿ ಕಳುಹಿಸಿದರೆ ಒಂದು ದಿನದ ಖರ್ಚು 80 ಮಿಲಿ ಆಂಪಿಯರ್ ಗಂಟೆ ದಾಟುತ್ತದೆ, ಅಂದರೆ ಸುಮಾರು 18 ಮಾಮೂಲಿ ದಿನಗಳ ಊಟ. ಹತ್ತು ದಿನದ ನೆರೆ ಆರು ತಿಂಗಳ ಬ್ಯಾಟರಿಯನ್ನು ನುಂಗುತ್ತದೆ. ಸರಾಸರಿಯ ಲೆಕ್ಕದಲ್ಲಿ ಆರು ತಿಂಗಳು ಉಳಿದಿದೆ ಎಂದು ನಂಬಿ ಮಳೆಗಾಲಕ್ಕೆ ಕಾಲಿಟ್ಟ ಮಾಪಕ ನೆರೆ ಇಳಿಯುವ ಮೊದಲೇ ನಿಲ್ಲುತ್ತದೆ.

ಸೌರಫಲಕ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಸೇತುವೆಗಳ ಮೇಲಿನ ರೇಡಾರ್ ಮಾಪಕಗಳಿಗೆ, ಮಳೆಮಾಪನ ಕೇಂದ್ರಗಳಿಗೆ ಸೌರಫಲಕ ಇದ್ದೇ ಇದೆ. ಆದರೆ ಮಲೆನಾಡಿನಲ್ಲಿ ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಕಾರಣ ಅಲ್ಲಿಯೂ ಬಿಸಿಲಿಲ್ಲದ ದಿನಗಳಿಗೆ ಬ್ಯಾಟರಿಯ ಲೆಕ್ಕ ಹಾಕಲೇಬೇಕು. ಬಡಾವಣೆಯ ಬಾವಿಯ ಮೇಲೆ ಫಲಕವಿಟ್ಟರೆ ಅದು ಎಷ್ಟು ದಿನ ಅಲ್ಲಿಯೇ ಇರುತ್ತದೆ ಎಂಬುದು ಬೇರೆ ಮಾತು.

ವೋಲ್ಟ್ ನೋಡಿ ಮೋಸ

ಟಾರ್ಚಿನ ಸೆಲ್ ಮುಗಿಯುತ್ತಾ ಬಂದರೆ ಬೆಳಕು ಮಂಕಾಗುತ್ತದೆ. ಅಲ್ಕಲೈನ್ ಸೆಲ್‌ನ ವೋಲ್ಟೇಜ್ ಒಂದೂವರೆಯಿಂದ ಮೆಲ್ಲಗೆ ಇಳಿಯುತ್ತಾ ಬರುವುದರಿಂದ ಉಳಿದದ್ದೆಷ್ಟು ಎಂದು ಅಂದಾಜಿಸಬಹುದು. ಲೀಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಹಾಗಲ್ಲ. ಮೊದಲ ದಿನ 3.6 ವೋಲ್ಟ್, ಐದು ವರ್ಷದ ನಂತರವೂ ಹೆಚ್ಚು ಕಡಿಮೆ ಅಷ್ಟೇ. ಕೊನೆಯ ಕ್ಷಣದವರೆಗೂ ಆರೋಗ್ಯವಂತನಂತೆ ಕಂಡು ಥಟ್ಟನೆ ಕುಸಿಯುತ್ತದೆ. ಕ್ಷೇತ್ರ ಸಿಬ್ಬಂದಿ ಮೀಟರ್ ಹಚ್ಚಿ 3.6 ಕಂಡು ನೆಮ್ಮದಿಯಿಂದ ಮರಳಿದರೆ ಅವರ ತಪ್ಪೇನೂ ಇಲ್ಲ, ಆದರೆ ಆ ಅಂಕಿ ಏನನ್ನೂ ಹೇಳಿರುವುದಿಲ್ಲ. ಬಳಸಿದ್ದೆಷ್ಟು ಎಂದು ಕೂಡುತ್ತಾ ಬರುವುದೊಂದೇ ದಾರಿ. ಇತ್ತೀಚಿನ ಉಪಕರಣಗಳು ಪ್ರತಿ ಅಳತೆ, ಪ್ರತಿ ರವಾನೆಯನ್ನೂ ಎಣಿಸಿ ಉಳಿದ ಶೇಕಡಾವಾರನ್ನು ತಾವೇ ತೋರಿಸುವುದು ಹೀಗೆ. ಆ ಶೇಕಡಾವಾರಿನಲ್ಲಿ ತೇವದ ಸೋರಿಕೆ ಸೇರಿರುವುದಿಲ್ಲ.

ಈ ಸೆಲ್‌ಗೆ ಇನ್ನೊಂದು ವಿಚಿತ್ರ ಗುಣವಿದೆ. ಬಹುಕಾಲ ಮಲಗಿದ್ದರೆ ಒಳಗಿನ ಲೀಥಿಯಂ ಮೇಲೆ ಲೀಥಿಯಂ ಕ್ಲೋರೈಡಿನ ತೆಳುಪೊರೆ ಕಟ್ಟುತ್ತದೆ. ವರ್ಷಗಟ್ಟಲೆ ಸವೆಯದಂತೆ ಕಾಯುವುದು ಆ ಪೊರೆಯೇ. ಆದರೆ ಥಟ್ಟನೆ ಹೆಚ್ಚು ವಿದ್ಯುತ್ ಕೇಳಿದರೆ ಅದೇ ಅಡ್ಡ ನಿಲ್ಲುತ್ತದೆ. ಸೆಲ್‌ನ ಆಂತರಿಕ ರೋಧ 10 ಓಮ್ ಆಗಿದ್ದು 50 ಮಿಲಿ ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ. 2ಜಿ ಮೋಡೆಮ್ ಕ್ಷಣಮಾತ್ರ 2 ಆಂಪಿಯರ್‌ವರೆಗೂ ಕೇಳಬಲ್ಲದು. ಹಂಡೆಯಲ್ಲಿ ನೀರು ತುಂಬಿದ್ದರೂ ಕೊಳಾಯಿ ಕಿರಿದಾದರೆ ಬಕೆಟ್ಟು ತುಂಬದು. ವೋಲ್ಟೇಜ್ ಕುಸಿದಾಗ ಉಪಕರಣ ಬ್ಯಾಟರಿ ಮುಗಿಯಿತೆಂದು ತಿಳಿದು ನಿಂತುಬಿಡುತ್ತದೆ. ಇದನ್ನು ತಪ್ಪಿಸಲು ಸೆಲ್‌ನ ಜೊತೆ ದೊಡ್ಡ ಕೆಪಾಸಿಟರ್ ಇಡುತ್ತಾರೆ. ಸೆಲ್ ಅದನ್ನು ನಿಧಾನವಾಗಿ ತುಂಬುತ್ತದೆ, ಮೋಡೆಮ್ ಅದರಿಂದ ಒಮ್ಮೆಗೇ ಎಳೆದುಕೊಳ್ಳುತ್ತದೆ. ಕೆಪಾಸಿಟರ್ ಕೂಡ ಒಂದಿಷ್ಟು ಸೋರುತ್ತದೆ, ಅದೂ ಮಲಗುವ ಖರ್ಚಿಗೆ ಸೇರುತ್ತದೆ.

ನೀರಿನ ಮಟ್ಟದ ಬದಲು ಗುಣವನ್ನು ಅಳೆಯುವುದಾದರೆ ಲೆಕ್ಕ ಇನ್ನಷ್ಟು ಬಿಗಿ. ಭದ್ರಾವತಿಯ ಕೆಳಗೆ ಭದ್ರಾ ನದಿಯಲ್ಲಿ ಕರಗಿದ ಆಮ್ಲಜನಕ, ಕದಡು ಅಳೆಯುವ ಉಪಕರಣ ಇಳಿಸಿದರೆ ಕೆಲವೇ ವಾರಗಳಲ್ಲಿ ಅದರ ಕಣ್ಣಿನ ಮೇಲೆ ಪಾಚಿ ಕಟ್ಟುತ್ತದೆ. ಅದನ್ನು ಒರೆಸಲು ಪುಟ್ಟ ಮೋಟಾರಿನ ಕುಂಚವಿರುತ್ತದೆ. ಬ್ಯಾಟರಿಯ ದೊಡ್ಡ ಪಾಲು ಆ ಒರೆಸುವಿಕೆಗೇ ಹೋಗುವುದುಂಟು. ಇಂಥ ಉಪಕರಣಗಳಿಗೆ ವರ್ಷಗಳ ಮಾತಿಲ್ಲ, ತಿಂಗಳುಗಳದ್ದು.

ಸಾಗರ ವಿಜ್ಞಾನಿಗಳು ಈ ತಲೆನೋವನ್ನು ಬೇರೆ ರೀತಿಯಲ್ಲಿ ನೋಡಿದ್ದಾರೆ. 1999ರಿಂದ ಸಮುದ್ರಕ್ಕೆ ಬಿಡಲಾಗುತ್ತಿರುವ ಆರ್ಗೋ ತೇಲುಯಂತ್ರಗಳು ಜಗತ್ತಿನಾದ್ಯಂತ ಸುಮಾರು 4,000 ಇವೆ. ಭಾರತದ ಪಾಲಿನ ಕೆಲಸ ಹೈದರಾಬಾದಿನ ಇನ್‌ಕೊಯಿಸ್ ಸಂಸ್ಥೆಯದು. ಯಂತ್ರ 1,000 ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಮೇಲೇರುತ್ತಾ ಉಷ್ಣತೆ, ಲವಣತೆ ಅಳೆದು ಉಪಗ್ರಹಕ್ಕೆ ತಿಳಿಸಿ ಮತ್ತೆ ಮುಳುಗುತ್ತದೆ. ಅದರ ಬ್ಯಾಟರಿಯನ್ನು ವರ್ಷಗಳಲ್ಲಲ್ಲ, ಸುತ್ತುಗಳಲ್ಲಿ ಎಣಿಸುತ್ತಾರೆ. 150 ಸುತ್ತಿಗೆ ಸಾಕಾದರೆ 1,500 ದಿನ, ನಾಲ್ಕು ವರ್ಷಕ್ಕೆ ತುಸು ಹೆಚ್ಚು. ಹಳೆಯ ಉಪಗ್ರಹ ವ್ಯವಸ್ಥೆಯಲ್ಲಿ ಮಾಹಿತಿ ಕಳುಹಿಸಲು ಗಂಟೆಗಟ್ಟಲೆ ಮೇಲೆ ತೇಲಬೇಕಿತ್ತು, ಇರಿಡಿಯಂ ಉಪಗ್ರಹಗಳು ಬಂದ ಮೇಲೆ ನಿಮಿಷಗಳು ಸಾಕಾದವು. ಕಣಿವೆಯ ಮೋಡೆಮ್ಮಿನದೂ ಇದೇ ಪಾಠ: ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ ಮಾತು ಕಡಿಮೆ ಮಾಡುವುದು ಅಗ್ಗ.

ಟೆಂಡರಿನಲ್ಲಿ ಏನಿರಬೇಕು?

'ಬ್ಯಾಟರಿ ಬಾಳಿಕೆ ಕನಿಷ್ಠ 10 ವರ್ಷ' ಎಂಬ ಒಂದು ಸಾಲಿನ ಷರತ್ತಿಗೆ ಅರ್ಥವಿಲ್ಲ. ಎಷ್ಟು ಹೊತ್ತಿಗೊಮ್ಮೆ ಅಳತೆ, ದಿನಕ್ಕೆಷ್ಟು ರವಾನೆ, ಒಂದು ರವಾನೆಗೆ ಎಷ್ಟು ನಿಮಿಷ, ಎಷ್ಟು ಡಿಗ್ರಿ ಉಷ್ಣತೆ, ವರ್ಷಕ್ಕೆಷ್ಟು ನೆರೆದಿನ ಎಂಬ ಷರತ್ತುಗಳೊಡನೆ ಕೇಳಿದರೆ ಮಾತ್ರ ಉತ್ತರಕ್ಕೆ ಬೆಲೆ. ಸೆಲ್ಲನ್ನು ಬದಲಿಸಲು ಬರುತ್ತದೆಯೇ ಎಂಬುದೂ ಮುಖ್ಯ. ಕೆಲವು ಮಾಪಕಗಳನ್ನು ಕಾರ್ಖಾನೆಯಲ್ಲೇ ಶಾಶ್ವತವಾಗಿ ಮುಚ್ಚಿರುತ್ತಾರೆ. ತೇವದ ಭಯವಿಲ್ಲ, ಆದರೆ ಸೆಲ್ ಮುಗಿದ ದಿನ ಇಡೀ ಮಾಪಕವನ್ನೇ ಬಿಸಾಡಬೇಕು. ಬದಲಿಸಲು ಬರುವಂಥದರಲ್ಲಿ ಸೆಲ್ಲಿನ ಬೆಲೆಗಿಂತ ಅಲ್ಲಿಗೆ ಜೀಪು ಕಳುಹಿಸುವ ಖರ್ಚೇ ಹೆಚ್ಚಾಗುವುದರಿಂದ, ಅರ್ಧ ಉಳಿದಿರುವಾಗಲೇ ಬದಲಿಸುವುದು ನಷ್ಟವಲ್ಲ.

ಬದಲಿಸಲು ತಕ್ಕ ಕಾಲ ಮುಂಗಾರಿಗೆ ಮುನ್ನ, ಏಪ್ರಿಲ್ ಅಥವಾ ಮೇ ತಿಂಗಳ ಒಣ ದಿನ. ಓ-ರಿಂಗ್ ಒರೆಸಿ ಗ್ರೀಸ್ ಸವರಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹೊಸದಿಟ್ಟು, ಎಲ್ಲ ಸೆಲ್‌ಗಳನ್ನೂ ಒಮ್ಮೆಗೇ ಬದಲಿಸಬೇಕು. ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಹೊಸದು ಹಳೆಯದನ್ನು ಹೊತ್ತು ತಾನೂ ಬೇಗ ಸೋಲುತ್ತದೆ. ಉಪಕರಣದ ಗಡಿಯಾರವನ್ನು ಮತ್ತೆ ಹೊಂದಿಸಬೇಕು, ಇಲ್ಲವಾದರೆ ಮುಂದಿನ ಅಳತೆಗಳೆಲ್ಲ ಸುಳ್ಳು ದಿನಾಂಕ ಹೊತ್ತಿರುತ್ತವೆ. ಸೆಲ್ ಹಾಕಿದ ದಿನಾಂಕವನ್ನು ಮಾಪಕದ ಮೈಮೇಲೂ ಕಚೇರಿಯ ಪುಸ್ತಕದಲ್ಲೂ ಬರೆಯಬೇಕು. ಸಿಬ್ಬಂದಿ ವರ್ಗವಾಗಿ ಹೋದ ಮೇಲೆ ಉಳಿಯುವುದು ಆ ಬರಹವೇ.

ತೆಗೆದ ಲೀಥಿಯಂ ಸೆಲ್‌ಗಳನ್ನು ಬಾವಿಯ ಪಕ್ಕ ಎಸೆಯುವಂತಿಲ್ಲ. ಅವು ಮರುಪೂರಣಕ್ಕೆ ಬರುವಂಥವಲ್ಲ. ಚಾರ್ಜ್ ಮಾಡಲು ಹೋದರೆ, ಬೆಂಕಿಗೆ ಹಾಕಿದರೆ ಅಥವಾ ಒಡೆದರೆ ಸಿಡಿಯುವ, ವಿಷಾನಿಲ ಹೊರಬೀಳುವ ಅಪಾಯವಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಬಳಸಿದ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ಉತ್ಪಾದಕರದು. ಹತ್ತು ಬಾವಿಗಳ ಹಳೆಯ ಸೆಲ್‌ಗಳನ್ನು ಒಂದೇ ಚೀಲದಲ್ಲಿ ಹಾಕಿ ತರುವಾಗ ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತುವುದನ್ನು ಮರೆಯಬಾರದು. ಮುಗಿದಿದೆ ಎಂದು ತೆಗೆದ ಸೆಲ್‌ನಲ್ಲೂ ತಳದ ನೀರು ಉಳಿದಿರುತ್ತದೆ.